ಒಂದು ಕಿಲೋ ಬೆಲ್ಲಕ್ಕೆ ಎಷ್ಟು ಕೊಡ ನೀರು?

ಹುಬ್ಬಳ್ಳಿಯ ಕಿರಾಣಿ ಅಂಗಡಿಯಲ್ಲಿ ಮಹಾಲಿಂಗಪುರದ ಬೆಲ್ಲ ಒಂದು ಕಿಲೋ ತೂಗಿಸಿ ಚೀಲಕ್ಕೆ ಹಾಕಿಕೊಳ್ಳುವುದು ಅರ್ಧ ನಿಮಿಷದ ಕೆಲಸ. ಆ ಒಂದು ಕಿಲೋ ಬೆಲ್ಲಕ್ಕಾಗಿ ಗಾಣಕ್ಕೆ ಹೋಗಿದ್ದು ಸುಮಾರು 10 ಕಿಲೋ ಕಬ್ಬು. ಇಳಿದ ರಸ 6 ಲೀಟರಿನ ಆಸುಪಾಸು. ಅದರಲ್ಲಿ 5 ಲೀಟರಿನಷ್ಟು ನೀರು ಕೊಪ್ಪರಿಗೆಯಿಂದ ಹಬೆಯಾಗಿಯೇ ಹೋಗಬೇಕು. ಉರಿಗೆ ಹಿಂಡಿದ ಕಬ್ಬಿನ ಸಿಪ್ಪೆಯೇ ಸಾಕು. ಬೆಂಡಿ ಗಿಡ ಜಜ್ಜಿದ ಲೋಳೆ ಬಿಟ್ಟರೆ ರಸದ ಕಸವೆಲ್ಲ ನೊರೆಯ ಜೊತೆ ಮೇಲೆ ಬರುತ್ತದೆ, ಅದನ್ನು ಬಳಿದು ತೆಗೆಯುತ್ತಾರೆ. ಪಾಕ 118 ಡಿಗ್ರಿಯ ಹತ್ತಿರ ಬಂದಾಗ ಇಳಿಸಬೇಕು. ಹದ ನೋಡುವುದು ಬೆರಳಿನಿಂದ: ತಣ್ಣೀರಿಗೆ ತುಸು ಪಾಕ ಬಿಟ್ಟಾಗ ಉಂಡೆ ಕಟ್ಟಿತೋ, ಬೆಲ್ಲ ಬಂತು. ತಡವಾದರೆ ಕರ್ರಗಾಗುತ್ತದೆ.

ಇದು ಗಾಣದ ಲೆಕ್ಕ. ಹೊಲದ ಲೆಕ್ಕ ಬೇರೆಯೇ ಇದೆ. ಮಳೆ, ಕಾಲುವೆ ಎರಡೂ ಸೇರಿ ಒಂದು ಕಿಲೋ ಕಬ್ಬು ಬೆಳೆಯಲು ಜಗತ್ತಿನ ಸರಾಸರಿಯಲ್ಲಿ ಸುಮಾರು 200 ಲೀಟರ್ ನೀರು ಬೇಕು. ಅಂದರೆ ಆ ಒಂದು ಕಿಲೋ ಬೆಲ್ಲಕ್ಕೆ 2,000 ಲೀಟರ್. 15 ಲೀಟರಿನ ಕೊಡದಲ್ಲಿ ಅಳೆದರೆ 130 ಕೊಡಕ್ಕೂ ಹೆಚ್ಚು! ನಳಕ್ಕೆ ನೀರು ಯಾವಾಗ ಬಿಟ್ಟಾರೆಂದು ದಿನ ಎಣಿಸಿ ಗೊತ್ತಿರುವ ಹುಬ್ಬಳ್ಳಿ-ಧಾರವಾಡದವರಿಗೆ ಈ ಲೆಕ್ಕ ಬೇಗ ತಲೆಗೆ ಹತ್ತುತ್ತದೆ. 2008ರಲ್ಲಿ ಇಲ್ಲಿನ ಕೆಲವು ಬಡಾವಣೆಗಳಿಗೆ 24 ತಾಸು ನೀರು ಬಂದದ್ದು ದೊಡ್ಡ ಸುದ್ದಿಯಾಗಿತ್ತು.

ಅವಳಿನಗರಕ್ಕೆ ನೀರು ಕೊಡುವ ಮಲಪ್ರಭಾ ನದಿಯ ಅಣೆಕಟ್ಟು ಸವದತ್ತಿಯ ಹತ್ತಿರದ ರೇಣುಕಾಸಾಗರ. ಅದು ತುಂಬಿದರೆ ಹಿಡಿಯುವುದು ಸುಮಾರು 37.7 ಟಿಎಂಸಿ. ಈಗ ಕರ್ನಾಟಕದ ಸಕ್ಕರೆ ಕಾರ್ಖಾನೆಗಳ ಕಬ್ಬನ್ನು ನೋಡಿ. ಒಳ್ಳೆಯ ಹಂಗಾಮಿನಲ್ಲಿ ಅವು ಅರೆಯುವುದು 6 ಕೋಟಿ ಟನ್ನಿನ ಹತ್ತಿರ. ಮೇಲಿನ ಸರಾಸರಿಯನ್ನೇ ಹಿಡಿದರೆ ಅದರ ಹಿಂದಿನ ನೀರು 420 ಟಿಎಂಸಿ ದಾಟುತ್ತದೆ, ರೇಣುಕಾಸಾಗರ 11 ಸಲ ತುಂಬುವಷ್ಟು. ಇದರಲ್ಲಿ ಮಳೆಯ ಪಾಲೂ ಇದೆ; ಎಲ್ಲವೂ ಕಾಲುವೆಯದ್ದಲ್ಲ ಎಂಬುದನ್ನು ರೈತರ ಪರವಾಗಿ ಹೇಳಲೇಬೇಕು.

ಸಿಹಿಯ ಇನ್ನೊಂದು ತುದಿಗೆ ಬನ್ನಿ. ಪರಾಗ್ವೆ ದೇಶದ ಸ್ಟೀವಿಯಾ ಮೊಣಕಾಲೆತ್ತರದ ಒಂದು ಗಿಡ. ಅಲ್ಲಿನ ಗ್ವಾರಾನಿ ಜನ ತಮ್ಮ ಕಷಾಯಕ್ಕೆ ತಲೆಮಾರುಗಳಿಂದ ಅದರ ಎಲೆ ಹಾಕುತ್ತಾ ಬಂದಿದ್ದಾರೆ. ಎಲೆಯಿಂದ ಬೇರ್ಪಡಿಸಿದ ಪುಡಿ ಸಕ್ಕರೆಗಿಂತ 200ರಿಂದ 300 ಪಟ್ಟು ಸಿಹಿ. ಪಶ್ಚಿಮ ಆಫ್ರಿಕದ ಕಾಡಿನ ಒಂದು ಹಣ್ಣಿನ ತೌಮಾಟಿನ್ ಎಂಬ ಪ್ರೋಟೀನು 2,000 ಪಟ್ಟಿಗೂ ಮಿಕ್ಕಿದ್ದು. ನಮ್ಮ ಮನೆಮದ್ದಿನ ಜೇಷ್ಠಮಧುವಿನಲ್ಲಿಯೂ ಸುಮಾರು 50 ಪಟ್ಟಿನ ಸಿಹಿ ಅಡಗಿದೆ. ಕೆಮ್ಮಿಗೆ ಅದರ ತುಂಡು ಬಾಯಲ್ಲಿಟ್ಟುಕೊಂಡ ಮಕ್ಕಳು ಹಟ ಮಾಡದ್ದು ಸುಮ್ಮನಲ್ಲ. ಇವೆಲ್ಲವನ್ನೂ ಸೊನ್ನೆಗಿಳಿಸುವ ಬಳ್ಳಿಯೂ ಇದೆ, ಸಹ್ಯಾದ್ರಿಯ ಕಾಡಿನ ಮಧುನಾಶಿನಿ. ಎರಡು ಎಲೆ ಅಗಿದು ಸಕ್ಕರೆ ಬಾಯಿಗೆ ಹಾಕಿಕೊಂಡರೆ ಅರ್ಧ ತಾಸು ಬರೀ ಮರಳು.

ಹಾಗಾದರೆ 300 ಪಟ್ಟಿನ ಪುಡಿ ಕೊಂಡು ಕಬ್ಬು ಬಿಡೋಣವೇ? ಸಕ್ಕರೆ ಕಾಯಿಲೆಯವರ ಚಹಾಕ್ಕೆ ಅದು ಸರಿ. ಹೋಳಿಗೆಯ ಹೂರಣಕ್ಕೆ ಬೆಲ್ಲದ ತೂಕವೂ ಬೇಕು, ಜಿಗುಟೂ ಬೇಕು. ಗೌರಿ ಹುಣ್ಣಿಮೆಯ ಸಕ್ಕರೆ ಆರತಿಯಂತೂ ಆಗದ ಮಾತು. ಧಾರವಾಡದ ಕಡೆ ನೆನೆಸಿದ ಕಟ್ಟಿಗೆಯ ಅಚ್ಚುಗಳನ್ನು ಜೋಡಿಸಿ, ದಾರ ಬಿಗಿದು, ಹಾಲು ಹಾಕಿ ಕಸ ತೆಗೆದ ಬಿಸಿ ಪಾಕ ಹೊಯ್ಯುತ್ತಾರೆ. ಬಿಚ್ಚಿದರೆ ಬಸವಣ್ಣ, ಗಿಳಿ, ತೇರು, ಆನೆ. ನಿಶ್ಚಯವಾದ ಹುಡುಗಿಗೆ ಗಂಡಿನ ಕಡೆಯವರು ಅದನ್ನು ಒಯ್ಯುವುದು ರೂಢಿ. ಕಾಲು ಕಿಲೋ ತೂಕದ ಆನೆಯ ಸಿಹಿಗೆ ಸಮವಾಗಿ ಸ್ಟೀವಿಯಾ ಪುಡಿ ತೂಗಿದರೆ ಬರುವುದು ಒಂದು ಗ್ರಾಮಿನ ಆಸುಪಾಸು. ಅಷ್ಟರಲ್ಲಿ ಆನೆ ಇರಲಿ, ಅದರ ಬಾಲವನ್ನೂ ಎರಕ ಹೊಯ್ಯಲಾಗದು.