ಫ್ವಾ ಗ್ರಾ: ರುಚಿಯ ಬೆಲೆ ಯಾರ ಲೆಕ್ಕಕ್ಕೆ?

ಅಡುಗೆಯ ಚರಿತ್ರೆ ಕೆಲವೊಮ್ಮೆ ಪದಕೋಶದಲ್ಲಿ ಅಡಗಿ ಕುಳಿತಿರುತ್ತದೆ. ಯಕೃತ್ತನ್ನು ಫ್ರೆಂಚರು ‘ಫ್ವಾ’ ಎನ್ನುತ್ತಾರೆ, ಇಟಲಿಯವರು ‘ಫೆಗಾತೊ’, ಸ್ಪೇನಿನವರು ‘ಈಗಾದೊ’. ಈ ಮೂರೂ ಪದಗಳ ಮೂಲ ಲ್ಯಾಟಿನ್ನಿನ ‘ಫಿಕಾತುಮ್’. ಹಾಗೆಂದರೆ ಅಂಜೂರ ತಿನ್ನಿಸಿದ್ದು ಎಂದರ್ಥ. ರೋಮನ್ನರು ಹೆಬ್ಬಾತುಗಳಿಗೆ ಅಂಜೂರದ ಹಣ್ಣು ತಿನ್ನಿಸಿ ಅವುಗಳ ಯಕೃತ್ತನ್ನು ಕೊಬ್ಬಿಸುತ್ತಿದ್ದರು. ಕಾಲಕ್ರಮೇಣ ಅಂಗದ ಹಳೆಯ ಹೆಸರು ಮರೆಯಾಗಿ, ಉಣಿಸಿದ ಹಣ್ಣಿನ ಹೆಸರೇ ಅದಕ್ಕೆ ಅಂಟಿಕೊಂಡಿತು. ಅದಕ್ಕೂ ಹಿಂದೆ, ಸುಮಾರು ನಾಲ್ಕೂವರೆ ಸಾವಿರ ವರ್ಷಗಳಷ್ಟು ಹಳೆಯ ಈಜಿಪ್ಟಿನ ಸಕ್ಕಾರಾ ಸಮಾಧಿಗಳ ಗೋಡೆಗಳಲ್ಲಿ ಪಕ್ಷಿಗಳಿಗೆ ಬಲವಂತವಾಗಿ ಆಹಾರ ತುರುಕುತ್ತಿರುವ ಉಬ್ಬುಶಿಲ್ಪಗಳಿವೆ. ಮಧ್ಯಯುಗದ ಯುರೋಪಿನಲ್ಲಿ ಹಂದಿಯ ಕೊಬ್ಬು ನಿಷಿದ್ಧವಾಗಿದ್ದ ಯಹೂದಿ ಸಮುದಾಯಗಳು ಅಡುಗೆಯ ಜಿಡ್ಡಿಗಾಗಿ ಹೆಬ್ಬಾತುಗಳನ್ನು ಕೊಬ್ಬಿಸುವ ಈ ವಿದ್ಯೆಯನ್ನು ಕಾಪಾಡಿಕೊಂಡು ಬಂದವು.

ಇಂದು ‘ಫ್ವಾ ಗ್ರಾ’ ಅಥವಾ ‘ಕೊಬ್ಬಿದ ಯಕೃತ್ತು’ ಎಂದೊಡನೆ ನೆನಪಾಗುವುದು ಫ್ರಾನ್ಸ್. 2006ರಲ್ಲಿ ಅಲ್ಲಿನ ಸಂಸತ್ತು ಇದನ್ನು ರಾಷ್ಟ್ರದ ಸಾಂಸ್ಕೃತಿಕ ಮತ್ತು ಪಾಕಪರಂಪರೆಯ ಸಂರಕ್ಷಿತ ಭಾಗವೆಂದು ಕಾನೂನಿನಲ್ಲಿಯೇ ಸಾರಿತು. ಎಂಟು ವರ್ಷಗಳ ಬಳಿಕ, 2014ರ ಜುಲೈನಲ್ಲಿ, ಭಾರತದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಅಧಿಸೂಚನೆಯೊಂದರ ಮೂಲಕ ಇದರ ಆಮದನ್ನು ನಿಷೇಧಿಸಿತು. ಒಂದು ಗಣರಾಜ್ಯಕ್ಕೆ ಪರಂಪರೆಯಾದದ್ದು ಇನ್ನೊಂದು ಗಣರಾಜ್ಯಕ್ಕೆ ನಿಷಿದ್ಧ ವಸ್ತು! ಮೂರು ದಶಕಕ್ಕೂ ಹೆಚ್ಚು ಕಾಲ ಅಧಿಸೂಚನೆಗಳ ನಡುವೆಯೇ ಬದುಕಿದ ನನಗೆ ಈ ವೈರುಧ್ಯ ಬಹುಕಾಲದಿಂದ ಕುತೂಹಲದ ವಿಷಯವಾಗಿದೆ.

ಮೊದಲು ಆ ಖಾದ್ಯದ ಬಗ್ಗೆ ನ್ಯಾಯವಾಗಿ ಹೇಳಬೇಕು. ನಾನು ಹುಟ್ಟು ಸಸ್ಯಾಹಾರಿ. ಆದರೂ ಇದನ್ನು ಬೇಯಿಸುವುದನ್ನು ಹತ್ತಿರದಿಂದ ಕಂಡಿದ್ದೇನೆ. ನಿವೃತ್ತಿಯ ಬಳಿಕ, ವಿಮಾನೋದ್ಯಮದಲ್ಲಿರುವ ಮಗನ ಮನೆಗೆಂದು ನೈಋತ್ಯ ಫ್ರಾನ್ಸಿನ ತುಲೂಸ್ ನಗರಕ್ಕೆ ಹೋಗಿದ್ದಾಗ, ಕ್ರಿಸ್‌ಮಸ್ ಹಬ್ಬದ ಸಮಯದಲ್ಲಿ ನೆರೆಮನೆಯ ವೃದ್ಧೆಯೊಬ್ಬರು ನಮ್ಮನ್ನು ತಮ್ಮ ಅಡುಗೆಮನೆಗೆ ಕರೆದು ತೋರಿಸಿದರು. ಶೀತಲ ಪೆಟ್ಟಿಗೆಯಿಂದ ಆಗಷ್ಟೇ ತೆಗೆದ ಬಾತುಕೋಳಿಯ ಯಕೃತ್ತನ್ನು ಹೆಬ್ಬೆರಳ ದಪ್ಪಕ್ಕೆ ಹೋಳುಮಾಡಿ, ಮೇಲ್ಮೈಯಲ್ಲಿ ಚಾಕುವಿನಿಂದ ತೆಳುವಾಗಿ ಅಡ್ಡಗೆರೆಗಳನ್ನು ಎಳೆದು, ಉಪ್ಪು ಮತ್ತು ಕಾಳುಮೆಣಸು ಉದುರಿಸಿದರು. ಬಾಣಲೆ ಚೆನ್ನಾಗಿ ಕಾದಿತ್ತು. ಎಣ್ಣೆಯಾಗಲಿ ಬೆಣ್ಣೆಯಾಗಲಿ ಹಾಕಲಿಲ್ಲ. ಹೋಳು ತಗುಲಿದ ಕೆಲವೇ ಕ್ಷಣಗಳಲ್ಲಿ ಅದರದ್ದೇ ಜಿಡ್ಡು ಹರಿಯತೊಡಗಿತು. ಒಂದೊಂದು ಬದಿಗೆ ಒಂದು ನಿಮಿಷಕ್ಕೂ ಕಡಿಮೆ. ಹೊರಗೆ ಕಂದು ಬಣ್ಣದ ಗರಿಗರಿ ಪದರ, ಒಳಗೆ ಗಿಣ್ಣಿನಂತಹ ಮೃದುತ್ವ. ಅರ್ಧ ನಿಮಿಷ ಮೈಮರೆತರೂ ಹೋಳು ಕರಗಿ, ಬಾಣಲೆಯಲ್ಲಿ ದುಬಾರಿ ಜಿಡ್ಡು ಮಾತ್ರ ಉಳಿಯುತ್ತದೆಯಂತೆ.

ನನ್ನ ಗಮನ ಸೆಳೆದದ್ದು ಮುಂದಿನ ಹಂತ. ಹೆಚ್ಚಿನ ಜಿಡ್ಡನ್ನು ಬಸಿದು, ಅದೇ ಬಾಣಲೆಗೆ ಸೇಬಿನ ಹೋಳು ಮತ್ತು ದ್ರಾಕ್ಷಿ ಹಾಕಿ, ಒಂದು ಚಮಚ ಸಕ್ಕರೆ ಕಂದುಬಣ್ಣಕ್ಕೆ ತಿರುಗುವವರೆಗೆ ಬಾಡಿಸಿದರು. ಸ್ವಲ್ಪ ವಿನೆಗರ್, ಬಳಿಕ ಸಿಹಿ ವೈನು. ಬಾಣಲೆಯ ತಳಕ್ಕೆ ಅಂಟಿದ್ದ ಕಂದು ಕಣಗಳೆಲ್ಲ ಅದರಲ್ಲಿ ಕರಗಿ, ರಸ ಅರ್ಧಕ್ಕೆ ಇಂಗಿ, ಪಾಕದಂತೆ ಹೊಳೆಯಿತು. ಅಂಜೂರ, ಚೆರ್ರಿ, ಪೀಚ್ ಹಣ್ಣುಗಳನ್ನೂ ಹೀಗೆ ಬಳಸುವುದುಂಟು. ಸೋತೆರ್ನ್ ಬದಲು ಪೋರ್ಟ್ ವೈನ್ ಸುರಿಯುವುದೂ ಉಂಟು. ತತ್ವ ಒಂದೇ: ನಾಲಿಗೆಗೆ ಲೇಪವಾಗುವ ಜಿಡ್ಡನ್ನು ಹುಳಿ ಕತ್ತರಿಸುತ್ತದೆ, ಯಕೃತ್ತಿನ ನಸುಗಹಿಯನ್ನು ಸಿಹಿ ಮೃದುಗೊಳಿಸುತ್ತದೆ. ಹುಣಸೆ ಮತ್ತು ಬೆಲ್ಲ ಹಾಕಿ ಅನಾನಸ್ ಗೊಜ್ಜು ಮಾಡುವ ನಮ್ಮ ಮನೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಲೇ ಇಲ್ಲ.

ಬೋರ್ಡೊ ಪ್ರಾಂತ್ಯದ ಸೋತೆರ್ನ್ ವೈನಿನದೂ ಒಂದು ಸ್ವಾರಸ್ಯವಿದೆ. ಅಲ್ಲಿನ ಶರತ್ಕಾಲದ ಮಂಜಿನಲ್ಲಿ ದ್ರಾಕ್ಷಿಗೆ ಒಂದು ಬಗೆಯ ಬೂಷ್ಟು ಹಿಡಿಯುತ್ತದೆ. ಅದು ಸಿಪ್ಪೆಯನ್ನು ಭೇದಿಸಿದಾಗ ಹಣ್ಣಿನ ನೀರು ಆವಿಯಾಗಿ ಸಕ್ಕರೆ ಸಾಂದ್ರವಾಗುತ್ತದೆ. ರೈತರು ಇದನ್ನು ‘ಉದಾತ್ತ ಕೊಳೆ’ ಎನ್ನುತ್ತಾರೆ. ಅಲ್ಲಿಗೆ, ರೋಗ ತಗುಲಿದ ದ್ರಾಕ್ಷಿಯ ರಸ ಮತ್ತು ಅಸಹಜವಾಗಿ ಊದಿಕೊಂಡ ಯಕೃತ್ತು ಒಂದೇ ತಟ್ಟೆಯಲ್ಲಿ ಸಂಧಿಸುತ್ತವೆ. ಆದರೆ ದ್ರಾಕ್ಷಿಗೆ ನೋವಿಲ್ಲ. ವ್ಯತ್ಯಾಸವಿರುವುದು ಅಲ್ಲಿಯೇ.

ಈಗ ಆ ಯಕೃತ್ತು ಹೇಗೆ ತಯಾರಾಗುತ್ತದೆ ಎಂಬುದನ್ನು ನೋಡೋಣ. ಇಂದು ಹೆಬ್ಬಾತಿಗಿಂತ ಹೆಚ್ಚಾಗಿ ಬಳಕೆಯಾಗುವುದು ‘ಮುಲಾರ್’ ಎಂಬ ಸಂಕರ ತಳಿಯ ಗಂಡು ಬಾತುಕೋಳಿ. ಸುಮಾರು ಹನ್ನೆರಡು ವಾರ ಅವು ಬಹುಮಟ್ಟಿಗೆ ಬಯಲಿನಲ್ಲಿಯೇ ಬೆಳೆಯುತ್ತವೆ. ಕೊನೆಯ ಹತ್ತು-ಹನ್ನೆರಡು ದಿನ ಮಾತ್ರ ದಿನಕ್ಕೆರಡು ಬಾರಿ ಗಂಟಲೊಳಗೆ ಕೊಳವೆ ಇಳಿಸಿ ಮೆಕ್ಕೆಜೋಳವನ್ನು ತುಂಬಲಾಗುತ್ತದೆ. ನೂರು ಗ್ರಾಮಿನೊಳಗಿದ್ದ ಯಕೃತ್ತು ಅರ್ಧ ಕಿಲೋ ದಾಟುತ್ತದೆ. ಐರೋಪ್ಯ ಒಕ್ಕೂಟದ ನಿಯಮದ ಪ್ರಕಾರ ಬಾತುಕೋಳಿಯ ಯಕೃತ್ತು ಕನಿಷ್ಠ 300 ಗ್ರಾಂ, ಹೆಬ್ಬಾತಿನದು 400 ಗ್ರಾಂ ತೂಗದಿದ್ದರೆ ಅದನ್ನು ಫ್ವಾ ಗ್ರಾ ಎಂದು ಮಾರುವಂತಿಲ್ಲ. ಅಂದರೆ ಊತವೇ ಇಲ್ಲಿ ಗುಣಮಟ್ಟದ ಅಳತೆಗೋಲು.

ವಲಸೆಗೆ ಮುನ್ನ ಕಾಡು ಹೆಬ್ಬಾತುಗಳು ಯಕೃತ್ತಿನಲ್ಲಿ ತಾವಾಗಿಯೇ ಕೊಬ್ಬು ಶೇಖರಿಸುತ್ತವೆ, ಅವುಗಳ ಅನ್ನನಾಳ ಮನುಷ್ಯನದಕ್ಕಿಂತ ಹೆಚ್ಚು ಹಿಗ್ಗುತ್ತದೆ ಎಂದು ಉತ್ಪಾದಕರು ವಾದಿಸುತ್ತಾರೆ. ಇದರಲ್ಲಿ ಸತ್ಯಾಂಶವಿದೆ. ಆದರೆ 1998ರಲ್ಲಿ ಐರೋಪ್ಯ ಒಕ್ಕೂಟದ್ದೇ ವೈಜ್ಞಾನಿಕ ಸಮಿತಿ, ಆಗ ರೂಢಿಯಲ್ಲಿದ್ದ ಬಲವಂತದ ಉಣಿಸುವಿಕೆ ಪಕ್ಷಿಗಳ ಹಿತಕ್ಕೆ ಮಾರಕ ಎಂಬ ನಿರ್ಣಯಕ್ಕೆ ಬಂದಿತು. ಇಸ್ರೇಲಿನ ಸರ್ವೋಚ್ಚ ನ್ಯಾಯಾಲಯ 2003ರಲ್ಲಿ ಈ ಪದ್ಧತಿಯ ವಿರುದ್ಧ ತೀರ್ಪು ನೀಡಿತು. ಶಿಕಾಗೊ ನಗರ 2006ರಲ್ಲಿ ಮಾರಾಟವನ್ನು ನಿಷೇಧಿಸಿ, ಎರಡೇ ವರ್ಷಗಳಲ್ಲಿ ನಿಷೇಧವನ್ನು ಹಿಂತೆಗೆದುಕೊಂಡಿತು. ಕ್ಯಾಲಿಫೋರ್ನಿಯಾದ ಕಾನೂನು 2004ರಲ್ಲಿ ಅಂಗೀಕೃತವಾಗಿ 2012ರಲ್ಲಿ ಜಾರಿಗೆ ಬಂದು, 2015ರಲ್ಲಿ ರದ್ದಾಗಿ, 2017ರಲ್ಲಿ ಮತ್ತೆ ಊರ್ಜಿತವಾಯಿತು. ಬ್ರಿಟನ್ನಿನಲ್ಲಿ ಉತ್ಪಾದನೆ ನಿಷಿದ್ಧವಾದರೂ ಆಮದಿಗೆ ಬಾಗಿಲು ಮುಚ್ಚಲಿಲ್ಲ. ಅಂತಃಸಾಕ್ಷಿಗೂ ಜಿಹ್ವಾಚಾಪಲ್ಯಕ್ಕೂ ನಡೆದ ರಾಜಿ ಸೂತ್ರವಿದು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಇದನ್ನು ಬೆಲೆಯ ಪ್ರಶ್ನೆಯಾಗಿಯೂ ನೋಡುತ್ತೇನೆ. ಕಾರ್ಖಾನೆ ನದಿಗೆ ಬಿಡುವ ತ್ಯಾಜ್ಯದ ವೆಚ್ಚ ಹೇಗೆ ಸರಕಿನ ಬೆಲೆಯಲ್ಲಿ ಸೇರುವುದಿಲ್ಲವೋ, ಹಾಗೆಯೇ ಪಕ್ಷಿಯ ನೋವೂ ಯಾರ ಲೆಕ್ಕಪುಸ್ತಕಕ್ಕೂ ಬರುವುದಿಲ್ಲ. ಆ ವೆಚ್ಚ ತಟ್ಟಿದಾಗ ಏನಾಗುತ್ತದೆ ಎಂಬುದಕ್ಕೆ ಸ್ಪೇನಿನ ಎಸ್ತ್ರೆಮದುರಾ ಪ್ರಾಂತ್ಯದಲ್ಲಿ ಉದಾಹರಣೆಯಿದೆ. ಅಲ್ಲಿನ ಎದುವಾರ್ದೊ ಸೋಸಾ ಎಂಬ ಕೃಷಿಕರು ಬಲವಂತವಿಲ್ಲದೆ ಹೆಬ್ಬಾತುಗಳನ್ನು ಬಯಲಿನಲ್ಲಿ ಮೇಯಲು ಬಿಟ್ಟು, ಅವು ಚಳಿಗಾಲಕ್ಕೆ ಮುನ್ನ ತಾವಾಗಿಯೇ ಕೊಬ್ಬಿದಾಗ ಮಾತ್ರ ಯಕೃತ್ತನ್ನು ಪಡೆಯುತ್ತಾರೆ. 2006ರಲ್ಲಿ ಪ್ಯಾರಿಸ್ಸಿನ ‘ಸಿಯಾಲ್’ ಆಹಾರ ಮೇಳದಲ್ಲಿ ಅವರ ಉತ್ಪನ್ನಕ್ಕೆ ಪ್ರಶಸ್ತಿ ಸಂದಿತು. ಆದರೆ ಫಸಲು ವರ್ಷಕ್ಕೊಂದೇ; ಪ್ರಮಾಣ ಅತ್ಯಲ್ಪ, ಬೆಲೆ ವಿಪರೀತ. ಬಹುಶಃ ಈ ಖಾದ್ಯದ ನಿಜವಾದ ಬೆಲೆ ಅದೇ ಇರಬೇಕು.

ಹಾಗಿದ್ದಲ್ಲಿ ಭಾರತದ ನಿಷೇಧ ಸರಿಯೇ? ನನ್ನ ಅಭಿಪ್ರಾಯದಲ್ಲಿ ಸರಿ. ಆದರೆ ಅದಕ್ಕಾಗಿ ಬೆನ್ನು ತಟ್ಟಿಕೊಳ್ಳುವುದು ಸರಿಯಲ್ಲ. ಬೆರಳೆಣಿಕೆಯ ಪಂಚತಾರಾ ಹೋಟೆಲುಗಳಲ್ಲಿ ಮಾತ್ರ ಬಿಕರಿಯಾಗುತ್ತಿದ್ದ ವಸ್ತುವನ್ನು ನಿಷೇಧಿಸಲು ಯಾವ ಸರ್ಕಾರಕ್ಕೂ ಧೈರ್ಯ ಬೇಕಿಲ್ಲ. ಇಲ್ಲಿ ಬೀದಿಗಿಳಿಯುವ ರೈತನಿಲ್ಲ, ಮುನಿಸಿಕೊಳ್ಳುವ ಮತದಾರನಿಲ್ಲ. ತಾನು ಏನನ್ನೂ ಕಳೆದುಕೊಳ್ಳದೆ ಆಚರಿಸುವ ಧರ್ಮ ಅಗ್ಗದ ಧರ್ಮ.

ನಮ್ಮ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಇದಕ್ಕಿಂತ ಕಠಿಣವಾದ ಮಾನದಂಡವನ್ನು ಮುಂದಿಡುತ್ತದೆ. ಆಹಾರಕ್ಕಾಗಿ ಪ್ರಾಣಿವಧೆಗೆ ಅದು ವಿನಾಯಿತಿ ನೀಡುತ್ತದೆ. ಆದರೆ ವಧೆಯಲ್ಲಾಗಲಿ ಅದರ ಸಿದ್ಧತೆಯಲ್ಲಾಗಲಿ ‘ಅನಗತ್ಯ’ ನೋವು ಸಲ್ಲದು ಎನ್ನುತ್ತದೆ. ಹಾಲು ಹೆಚ್ಚಿಸಲು ಹಸು-ಎಮ್ಮೆಗಳ ಮೇಲೆ ನಡೆಸುತ್ತಿದ್ದ ‘ಫೂಕಾ’ ಎಂಬ ಕ್ರೂರ ಪದ್ಧತಿಯನ್ನು ಅದು ಹೆಸರಿಸಿಯೇ ಅಪರಾಧವೆಂದು ಸಾರಿದೆ. ಈ ಒಂದು ವಿಶೇಷಣವನ್ನು ನಮ್ಮ ತಟ್ಟೆಗೇ ಅನ್ವಯಿಸಿ ನೋಡೋಣ. ದೇಶದಲ್ಲಿ 2023–24ರಲ್ಲಿ ಉತ್ಪಾದನೆಯಾದ ಮೊಟ್ಟೆಗಳು 14,000 ಕೋಟಿಗೂ ಮಿಗಿಲು. ಅವುಗಳಲ್ಲಿ ಬಹುಪಾಲು ಬರುವುದು, ಒಂದು ಎ-4 ಕಾಗದದಷ್ಟೂ ಜಾಗ ಸಿಗದ ತಂತಿಪಂಜರದ ಕೋಳಿಗಳಿಂದ. ಕಾನೂನು ಆಯೋಗ 2017ರ ಜುಲೈನಲ್ಲಿ ಸಲ್ಲಿಸಿದ ತನ್ನ 269ನೇ ವರದಿಯನ್ನು ಕೋಳಿಗಳ ಸಾಗಾಟ ಮತ್ತು ಸಾಕಣೆಯ ಸ್ಥಿತಿಗತಿಗೇ ಮೀಸಲಿಟ್ಟಿತು. ಬಾತುಕೋಳಿಯ ಕೊನೆಯ ಹನ್ನೆರಡು ದಿನಗಳಿಗಾಗಿ ಮರುಗುವ ನಾವು, ಮೊಟ್ಟೆಕೋಳಿ ವರ್ಷಕ್ಕೂ ಮಿಕ್ಕಿ ರೆಕ್ಕೆ ಬಿಚ್ಚಲಾಗದೆ ನಿಂತಿರುವುದರ ಬಗ್ಗೆ ಮಾತನಾಡುವುದು ಅಪರೂಪ.

ಮೊಟ್ಟೆಯನ್ನು ನಿಷೇಧಿಸಿ ಎಂದು ನಾನು ಹೇಳುತ್ತಿಲ್ಲ. ಬಡ ಮಕ್ಕಳ ಪೌಷ್ಟಿಕತೆಗೆ ಅದರ ಅಗತ್ಯವನ್ನು ಬಲ್ಲೆ. ಪಂಜರದಿಂದ ಹೊರಬಂದ ಕೋಳಿಯ ಮೊಟ್ಟೆಗೆ ಒಂದೆರಡು ರೂಪಾಯಿ ಹೆಚ್ಚಾದರೆ, ಆ ಹೊರೆಯನ್ನು ಶಾಲೆಯ ಮಗುವಿನ ಬದಲು ಸರ್ಕಾರದ ಬೊಕ್ಕಸ ಮತ್ತು ನಮ್ಮಂತಹ ಮಧ್ಯಮವರ್ಗ ಹೊರಬೇಕು. ಫ್ವಾ ಗ್ರಾ ನಿಷೇಧದ ಹಿಂದಿನ ನೈತಿಕತೆ ಪ್ರಾಮಾಣಿಕವಾದದ್ದೇ ಎಂಬುದಕ್ಕೆ ಪುರಾವೆ ಸಿಗಬೇಕಾದದ್ದು ಬಂದರಿನ ಸುಂಕದ ಕಟ್ಟೆಯಲ್ಲಿ ಅಲ್ಲ, ನಮ್ಮ ಬೀದಿಯ ಕೊನೆಯ ದಿನಸಿ ಅಂಗಡಿಯಲ್ಲಿ.