ಗುಡ್ಡದ ನೀರಿಗೆ ಎತ್ತರವೇ ಲೆಕ್ಕ

ಅಡಕೆ ಮರವನ್ನು ಉದ್ದಕ್ಕೆ ಸೀಳಿ, ತಿರುಳು ಕೆತ್ತಿ ತೆಗೆದು, ಆ ದಬ್ಬೆಗಳನ್ನು ಕವೆಗೋಲುಗಳ ಮೇಲೆ ಇಳಿಜಾರಾಗಿ ಜೋಡಿಸಿದರೆ ಗುಡ್ಡದ ಒರತೆ ಬಚ್ಚಲಿನವರೆಗೂ ಹರಿದು ಬರುತ್ತಿತ್ತು. ಮಲೆನಾಡಿನ ಹಳೆಯ ಮನೆಗಳಿಗೆ ಈ ಅಬ್ಬಿ ನೀರೇ ಆಧಾರ. ಪಂಪೂ ಬೇಕಿರಲಿಲ್ಲ, ಕರೆಂಟೂ ಬೇಕಿರಲಿಲ್ಲ.

ಈಗ ದಬ್ಬೆಯ ಜಾಗಕ್ಕೆ ಪೈಪು ಬಂದಿದೆ. ತೆರೆದ ದಬ್ಬೆಯಲ್ಲಿ ಕಾಣದ ಒತ್ತಡ ಮುಚ್ಚಿದ ಪೈಪಿನಲ್ಲಿ ಹುಟ್ಟುತ್ತದೆ. ನೀರು 10 ಮೀಟರ್ ಕೆಳಗಿಳಿದರೆ ಚದರ ಸೆಂಟಿಮೀಟರಿಗೆ ಸುಮಾರು 1 ಕೆ.ಜಿ. ಒತ್ತಡ. ಅಂಗಡಿಯಲ್ಲಿ ಕೇಳುವ ‘6 ಕೆ.ಜಿ. ಪೈಪು’ ತಡೆದುಕೊಳ್ಳುವುದು ಸುಮಾರು 60 ಮೀಟರ್ ಎತ್ತರದ ನೀರನ್ನು ಮಾತ್ರ. ನಲ್ಲಿಗಳೆಲ್ಲ ತೆರೆದಿದ್ದಾಗ ತಿಕ್ಕಾಟದಲ್ಲಿ ಒಂದಷ್ಟು ಒತ್ತಡ ಕರಗುತ್ತದೆ. ರಾತ್ರಿ ಎಲ್ಲರೂ ನಲ್ಲಿ ಮುಚ್ಚಿದ ಮೇಲೆ ಅದು ಪೂರ್ತಿಯಾಗಿ ಪೈಪಿನ ಮೇಲೆ ಬೀಳುತ್ತದೆ. ಪೈಪು ಒಡೆಯುವ ಅಪಾಯ ಆಗಲೇ ಹೆಚ್ಚು.

ಅದಕ್ಕೇ ಇಳಿಜಾರಿನ ನಡುನಡುವೆ ಸಣ್ಣ ತೊಟ್ಟಿ ಕಟ್ಟುತ್ತಾರೆ. ನೀರು ಅಲ್ಲಿ ಗಾಳಿಗೆ ತೆರೆದುಕೊಂಡು ಒತ್ತಡ ಕಳೆದುಕೊಳ್ಳುತ್ತದೆ, ಮುಂದಿನ ಲೆಕ್ಕ ಸೊನ್ನೆಯಿಂದ ಶುರುವಾಗುತ್ತದೆ. ಪೈಪು ದಿಬ್ಬ ಏರುವಲ್ಲಿ ಗಾಳಿ ಸಿಕ್ಕಿಕೊಂಡು ನೀರು ನಿಲ್ಲುತ್ತದೆ. ಅಲ್ಲಿಗೆ ಏರ್ ವಾಲ್ವ್ ಬೇಕು. ತಗ್ಗಿನಲ್ಲಿ ಮಣ್ಣು ಕೂರುತ್ತದೆ. ಅಲ್ಲಿ ತೊಳೆದು ಬಿಡುವ ವಾಲ್ವ್ ಬೇಕು. ಮೇಲಿನ ಕೇರಿಗೂ ಕೆಳಗಿನ ಕೇರಿಗೂ ಒಂದೇ ಪೈಪು ಹಾಕಿದರೆ ಕೆಳಗಿನವರ ಕೊಡ ತುಂಬುವವರೆಗೆ ಮೇಲಿನವರು ಕಾಯಬೇಕಾಗುತ್ತದೆ. ಎತ್ತರಕ್ಕೆ ತಕ್ಕಂತೆ ಊರನ್ನು ಭಾಗ ಮಾಡಿ, ಪ್ರತಿ ಭಾಗಕ್ಕೂ ಪ್ರತ್ಯೇಕ ಟ್ಯಾಂಕು ಕೊಡುವುದೇ ಇದಕ್ಕೆ ಸರಿಯಾದ ದಾರಿ.

ಹಣ ಉಳಿಸಲು ಸಣ್ಣ ಪೈಪು ಹಾಕುವುದು ಇನ್ನೊಂದು ತಪ್ಪು. ಅಷ್ಟೇ ನೀರನ್ನು ಅರ್ಧ ವ್ಯಾಸದ ಪೈಪಿನಲ್ಲಿ ಹರಿಸಿದರೆ ತಿಕ್ಕಾಟದ ನಷ್ಟ ಸುಮಾರು 30 ಪಟ್ಟು ಏರುತ್ತದೆ.

ಇಳಿಯುವ ನೀರಿನ ಬೆಲೆ ತಿಳಿಯಬೇಕಾದರೆ ಏರಿಸುವವರನ್ನು ನೋಡಬೇಕು. ಬೆಂಗಳೂರಿಗೆ ಕಾವೇರಿ ಸುಮಾರು 100 ಕಿಲೋಮೀಟರ್ ದೂರದಿಂದ, ಮೂರು ಹಂತಗಳ ಪಂಪಿನಲ್ಲಿ, ಸುಮಾರು 500 ಮೀಟರ್ ಮೇಲೇರಿ ಬರುತ್ತದೆ. ಶಿಮ್ಲಾ ನಗರಕ್ಕೆ ಒಂದು ಕಾಲದಲ್ಲಿ ಸಿಯೋಗ್ ಕಾಡಿನಿಂದ ನೀರು ತಾನಾಗಿ ಇಳಿದು ಬರುತ್ತಿತ್ತು. ಊರು ಬೆಳೆದಂತೆ ಕಣಿವೆಯ ಹೊಳೆಗಳಿಂದ ಪಂಪು ಮಾಡಬೇಕಾಯಿತು. 2018ರ ಬೇಸಿಗೆಯಲ್ಲಿ ಆ ಮೂಲಗಳೂ ಸೊರಗಿ, ಜನ ದಿನಗಟ್ಟಲೆ ಟ್ಯಾಂಕರಿಗಾಗಿ ಸಾಲು ನಿಂತರು.

ಒರತೆಯ ನಿಜವಾದ ಶಕ್ತಿ ಗೊತ್ತಾಗುವುದು ಬೇಸಿಗೆಯಲ್ಲೇ. ಬಕೆಟ್ ಮತ್ತು ಗಡಿಯಾರ ಇದ್ದರೆ ಅಳತೆಯೂ ಸುಲಭ. ನಿಮಿಷಕ್ಕೆ 10 ಲೀಟರ್ ಬಂದರೆ ದಿನಕ್ಕೆ 14,400 ಲೀಟರ್. ಜಲಜೀವನ ಮಿಷನ್ ಹೇಳುವ ತಲಾ 55 ಲೀಟರಿನಂತೆ ಸುಮಾರು 260 ಜನಕ್ಕೆ ಸಾಕು. ಆದರೆ ರಾತ್ರಿಯ ನೀರನ್ನು ಹಿಡಿದಿಡಲು ಟ್ಯಾಂಕು ಇರಬೇಕು.

ಮಳೆಗಾಲದಲ್ಲಿ ಧುಮ್ಮಿಕ್ಕುವ ನೀರು ನೋಡಿ ಪೈಪು ಕೊಳ್ಳಲು ಹೊರಟವರು ಏಪ್ರಿಲ್-ಮೇವರೆಗೆ ಕಾಯಲಿ, ಒಮ್ಮೆ ಬಕೆಟ್ ಹಿಡಿದು ಗುಡ್ಡ ಹತ್ತಲಿ. ಒರತೆಯ ನೆತ್ತಿಯ ಮೇಲಿನ ಕಾಡನ್ನೂ ಯೋಜನೆಯ ಒಂದು ಭಾಗವೆಂದೇ ಎಣಿಸಿ ಕಾಯಲಿ.