ಓಟಕ್ಕೇನು ಖರ್ಚು?

ಆಟೋಟಗಳಲ್ಲೆಲ್ಲ ಅತಿ ಅಗ್ಗದ್ದು ಓಟ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಬ್ಯಾಟು ಬೇಡ, ಬಲೆ ಬೇಡ, ಅಂಗಣವೂ ಬೇಡ. ಎರಡು ಕಾಲು, ಒಂದು ರಸ್ತೆ ಇದ್ದರೆ ಸಾಕು ಎನ್ನುತ್ತಾರೆ. ನಿವೃತ್ತನಾದ ಮೇಲೆ ಬಳಗಾನೂರಿನಲ್ಲಿ ನೆಲೆಸಿ, ಹತ್ತಿರದ ಮಹಿಳಾ ಕಾಲೇಜೊಂದರ ದೂರದ ಓಟದ ತಂಡಕ್ಕೆ ಕೈಲಾದ ನೆರವು ನೀಡುತ್ತಿರುವ ನನಗೆ ಈ ಮಾತು ಅರ್ಧಸತ್ಯವೆಂದು ತೋರುತ್ತದೆ. ಓಟ ಅಗ್ಗವಾಗಿರುವುದು ಓಡಿಸುವ ಸಂಸ್ಥೆಗೆ ಮತ್ತು ಸರ್ಕಾರಕ್ಕೆ. ಓಡುವ ಹುಡುಗಿ ಅದರ ಬೆಲೆಯನ್ನು ಕೂಲಿಯಲ್ಲಿ, ನಿದ್ದೆಯಲ್ಲಿ, ಕೆಲವೊಮ್ಮೆ ಮೈಯ ರಕ್ತದಲ್ಲಿಯೇ ತೆರುತ್ತಾಳೆ. ನಾವು ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಇದನ್ನು ಅವಕಾಶ ವೆಚ್ಚ ಎಂದು ಕರೆಯುತ್ತಿದ್ದೆವು. ಯಾವ ಆಯವ್ಯಯ ಪತ್ರದಲ್ಲೂ ಅದಕ್ಕೆ ಲೆಕ್ಕ ಶೀರ್ಷಿಕೆ ಇಲ್ಲ.

ನನ್ನನ್ನು ತರಬೇತುದಾರ ಎನ್ನುವುದು ಉತ್ಪ್ರೇಕ್ಷೆಯಾದೀತು. ತರಬೇತಿ ಕೊಡುವವರು ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕಿ. ಗಡಿಯಾರ ಹಿಡಿಯುವುದು, ದಾಖಲೆ ಬರೆದಿಡುವುದು, ಅರ್ಜಿ ಹಾಕುವುದು ನನ್ನ ಪಾಲಿನ ಕೆಲಸ. ಮೂವತ್ತು ವರ್ಷ ಇತರರ ಅರ್ಜಿ ಓದಿದವನಿಗೆ ಈಗ ಬರೆಯುವ ಸರದಿ.

ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ನಡುವಿನ ಈ ಸೀಮೆ ಓದುಗರಲ್ಲಿ ಹಲವರಿಗೆ ಅಶೋಕನ ಶಾಸನದಿಂದಲೋ ಹಟ್ಟಿಯ ಚಿನ್ನದಿಂದಲೋ ಪರಿಚಿತ. ಇಲ್ಲಿ ಬದುಕುವವರಿಗೆ ಅದು ತುಂಗಭದ್ರಾ ಎಡದಂಡೆ ಕಾಲುವೆಯ ನಾಡು. ಕಾಲುವೆಗೆ ನೀರು ಬಂತೇ, ಕೊನೆಯ ಹೊಲದ ತನಕ ಮುಟ್ಟಿತೇ ಎಂಬುದೇ ವರ್ಷದ ಮುಖ್ಯ ಪ್ರಶ್ನೆ. ಹುಡುಗಿಯರು ಓಡುವುದೂ ಕಾಲುವೆಯ ದಂಡೆಯ ಮೇಲೆಯೇ. ಬೇಸಿಗೆಯಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುವುದರಿಂದ ಬೆಳಗಿನ ಐದೂವರೆಗೆಲ್ಲ ಓಟ ಶುರುವಾಗಬೇಕು. ಮಳೆ ಬಿದ್ದ ಮರುದಿನ ಎರೆ ಮಣ್ಣು ಬೂಟಿಗೆ ಅಂಟಿ ಒಂದೊಂದು ಕಾಲೂ ಕಲ್ಲು ಕಟ್ಟಿದಂತಾಗುತ್ತದೆ. ಆಗ ಡಾಂಬರು ರಸ್ತೆಗೆ ಬರಬೇಕು, ಅಲ್ಲಿ ಭತ್ತದ ಲಾರಿಗಳು. ಮಹಿಳೆಯರಿಗೆ ಉಚಿತ ಬಸ್ ಪ್ರಯಾಣ 2023ರ ಜೂನ್‌ನಲ್ಲಿ ಜಾರಿಯಾದದ್ದು ಸ್ಪರ್ಧೆಗಳಿಗೆ ಹೋಗಿಬರಲು ದೊಡ್ಡ ಅನುಕೂಲ. ಆದರೆ ಹಳ್ಳಿಯ ಮೊದಲ ಬಸ್ಸು ಬರುವ ವೇಳೆಗೆ ನಮ್ಮ ಅಭ್ಯಾಸ ಮುಗಿದಿರುತ್ತದೆ. ಕತ್ತಲಲ್ಲಿ ಹೆಣ್ಣುಮಕ್ಕಳನ್ನು ಕಳಿಸಲು ಮನೆಯವರು ಹಿಂಜರಿದರೆ ಅದನ್ನು ಹಿಂದುಳಿದ ಮನೋಭಾವ ಎಂದು ಹಳಿಯುವುದು ಸುಲಭ. ಬೀದಿದೀಪ ಉರಿಯದ ಊರಿನಲ್ಲಿ ಅದು ಸರಳ ವಿವೇಕ. ಯಾರಾದರೊಬ್ಬರ ಅಣ್ಣ ಬೈಕಿನ ದೀಪ ಹಚ್ಚಿಕೊಂಡು ಹಿಂದೆ ಬರುತ್ತಾನೆ. ಅವನು ಬಾರದ ದಿನ ಇಬ್ಬರು ತಾಯಂದಿರು ದಂಡೆಯ ಮೇಲೆ ಕೂತಿರುತ್ತಾರೆ.

ಕ್ರಾಸ್‌ಕಂಟ್ರಿ ಓಟದ ನಿಯಮವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಅದು ಒಬ್ಬೊಬ್ಬರ ಓಟದಂತೆ ಕಂಡರೂ ತಂಡದ ಆಟ. ತಂಡದ ಓಟಗಾರ್ತಿಯರು ಗುರಿ ಮುಟ್ಟಿದ ಸ್ಥಾನಗಳನ್ನು ಕೂಡುತ್ತಾರೆ. ಯಾರ ಮೊತ್ತ ಕಡಿಮೆಯೋ ಆ ತಂಡಕ್ಕೆ ಗೆಲುವು. ಒಬ್ಬಳು ಮೊದಲ ಸ್ಥಾನಕ್ಕೆ ಬಂದು ಉಳಿದವರು ಐವತ್ತರ ಆಚೆ ಉಳಿದರೆ ಪ್ರಯೋಜನವಿಲ್ಲ. ಆದ್ದರಿಂದ ತರಬೇತಿಯ ಗುಟ್ಟಿರುವುದು ಮುಂದಿನವಳನ್ನು ಇನ್ನಷ್ಟು ಮುಂದೆ ತಳ್ಳುವುದರಲ್ಲಲ್ಲ, ನಾಲ್ಕನೆಯವಳನ್ನು ಉಳಿಸಿಕೊಳ್ಳುವುದರಲ್ಲಿ. ನಮ್ಮ ಕಷ್ಟಗಳೆಲ್ಲ ಈ ನಾಲ್ಕನೆಯವಳ ಸುತ್ತ ಇವೆ. ಅಂತರ ಕಾಲೇಜು ಸ್ಪರ್ಧೆಗಳ ಸಿದ್ಧತೆ ತೀವ್ರವಾಗುವ ದಿನಗಳಲ್ಲೇ ಹತ್ತಿ ಬಿಡಿಸುವ ಕೆಲಸ ಬರುತ್ತದೆ. ಅದಕ್ಕೆ ಮೊದಲು ಭತ್ತದ ನಾಟಿ. ಎರಡೂ ಹೆಂಗಸರ ಕೆಲಸ, ಎರಡಕ್ಕೂ ಕೈಗೆ ಕೂಲಿ. ನಾಟಿಗೆ ಹೋಗಿ ದಿನವೆಲ್ಲ ಬೆನ್ನು ಬಾಗಿಸಿ ಬಂದವಳನ್ನು ಮರುದಿನ ಎಂಟು ಕಿಲೋಮೀಟರು ಓಡು ಎನ್ನುವ ಹಕ್ಕು ಯಾವ ತರಬೇತುದಾರನಿಗಿದೆ? ತಂದೆ ತಾಯಿ ಗುಳೆ ಹೋದ ಮನೆಯಲ್ಲಾದರೆ ತಮ್ಮ ತಂಗಿಯರ ರೊಟ್ಟಿ, ನೀರು, ಶಾಲೆ ಎಲ್ಲವೂ ಹಿರಿಮಗಳ ಹೆಗಲಿಗೆ.

"ಓಡಿದ್ರ ಏನ್ ಬರ್ತದ್ರೀ ಸರ?" ಎಂದು ತಾಯಿಯೊಬ್ಬರು ಕೇಳಿದ್ದರು. ವ್ಯಂಗ್ಯವಿರಲಿಲ್ಲ, ನಿಜವಾಗಿ ತಿಳಿಯಬಯಸಿದ್ದರು. ಆರೋಗ್ಯ, ಆತ್ಮವಿಶ್ವಾಸ ಎಂಬ ಉತ್ತರಗಳು ಅವರಿಗೆ ರುಚಿಸಲಿಲ್ಲ. ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಮಹಿಳೆಯರು 400 ಮೀಟರನ್ನು ಎರಡು ನಿಮಿಷದಲ್ಲಿ ಓಡಬೇಕು ಎಂದಾಗ ಮುಖ ಅರಳಿತು. ಹತ್ತು ಕಿಲೋಮೀಟರು ಓಡುವವಳಿಗೆ ಅದೊಂದು ಪರೀಕ್ಷೆಯೇ ಅಲ್ಲ, ನಿಜ. ಆದರೆ ಅನೇಕ ಮನೆಗಳ ಬಾಗಿಲು ತೆರೆದದ್ದು ಒಲಿಂಪಿಕ್ಸ್ ಕನಸಿನಿಂದಲ್ಲ, ಆ ಎರಡು ನಿಮಿಷದಿಂದ. ಇದರಲ್ಲಿ ನಾಚಿಕೊಳ್ಳುವಂಥದ್ದೇನೂ ನನಗೆ ಕಾಣುವುದಿಲ್ಲ.

ಇನ್ನು ರಕ್ತದ ಮಾತು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಅದಕ್ಕೆ ಹಿಂದಿನ ಸಮೀಕ್ಷೆಯಲ್ಲಿ (2015-16) ಇದು ಶೇ 44.8. ಅಭಿವೃದ್ಧಿಯ ವರ್ಷಗಳಲ್ಲಿ ಏರಬಾರದ ಅಂಕಿ ಏರಿದೆ. ದೂರದ ಓಟವಾದರೋ ಆಮ್ಲಜನಕದ ಆಟ. ಅದನ್ನು ಹೊತ್ತೊಯ್ಯುವ ಹಿಮೋಗ್ಲೋಬಿನ್ ಕಡಿಮೆಯಿದ್ದರೆ ಎಷ್ಟು ಬೆವರು ಸುರಿಸಿದರೂ ವೇಗ ಬಾರದು. ಸಾಲದ್ದಕ್ಕೆ ಓಟವೇ ಕಬ್ಬಿಣದ ಅಂಶವನ್ನು ಕರಗಿಸುತ್ತದೆ. ಬೆವರಿನಲ್ಲಿ ಒಂದಿಷ್ಟು ಹೋಗುತ್ತದೆ, ಪಾದ ನೆಲಕ್ಕೆ ಅಪ್ಪಳಿಸುವಾಗ ಕೆಂಪು ರಕ್ತಕಣಗಳು ಒಡೆದು ಇನ್ನೊಂದಿಷ್ಟು; ಕಠಿಣ ಅಭ್ಯಾಸದ ನಂತರ ಕೆಲವು ಗಂಟೆಗಳ ಕಾಲ ಕರುಳು ಕಬ್ಬಿಣವನ್ನು ಹೀರಿಕೊಳ್ಳುವುದೂ ತಗ್ಗುತ್ತದೆ. ತಿಂಗಳ ಮುಟ್ಟಿನ ನಷ್ಟ ಬೇರೆ. ನಮ್ಮ ತಂಡದ ಹುಡುಗಿಯರನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೊದಲ ಸಲ ಪರೀಕ್ಷಿಸಿದಾಗ ಅರ್ಧಕ್ಕಿಂತ ಹೆಚ್ಚು ಮಂದಿ 12 ಗ್ರಾಮಿನ ಕೆಳಗಿದ್ದರು. ಅವರಲ್ಲಿ ಒಬ್ಬಳನ್ನು ಎಲ್ಲರೂ ಸೋಮಾರಿ ಎನ್ನುತ್ತಿದ್ದರು. ನಾಲ್ಕು ತಿಂಗಳು ಮಾತ್ರೆ ನುಂಗಿದ ಮೇಲೆ ಅವಳ ಸೋಮಾರಿತನ ಮಾಯವಾಯಿತು.

ಊಟವೂ ಬದಲಾಗಿದೆ. ಕಾಲುವೆ ಬರುವ ಮೊದಲು ಇದು ಜೋಳದ ಸೀಮೆ. ರೊಟ್ಟಿ, ಪುಂಡಿಪಲ್ಲೆ, ಗುರೆಳ್ಳು ಚಟ್ನಿ, ಹೆಸರುಕಾಳು ಬಡವರ ಮನೆಯಲ್ಲೂ ಇರುತ್ತಿದ್ದವು. ಭತ್ತ ಬಂದಂತೆ, ಪಡಿತರದ ಅಕ್ಕಿ ಬಂದಂತೆ, ತಟ್ಟೆಯಲ್ಲಿ ಅನ್ನ ಹೆಚ್ಚಿತು. ಹಸಿವನ್ನು ತಡೆದ ಅಕ್ಕಿಯನ್ನು ನಾನು ಹಳಿಯಲಾರೆ. ಆದರೆ ನೂರು ಗ್ರಾಂ ಜೋಳದಲ್ಲಿ ಸುಮಾರು 4 ಮಿಲಿಗ್ರಾಂ ಕಬ್ಬಿಣವಿದ್ದರೆ ಪಾಲಿಶ್ ಮಾಡಿದ ಅಕ್ಕಿಯಲ್ಲಿ ಒಂದು ಮಿಲಿಗ್ರಾಮೂ ಇಲ್ಲ. ಅದರ ಮೇಲೆ ಊಟವಾದೊಡನೆ ಕುಡಿಯುವ ಚಹಾ ಇದ್ದುದನ್ನೂ ದಕ್ಕಗೊಡುವುದಿಲ್ಲ. ಚಹಾ ಮುಂದೂಡಿ, ಪಲ್ಯಕ್ಕೆ ನಿಂಬೆಹಣ್ಣು ಹಿಂಡಿ ಎಂಬುದು ನಮ್ಮ ನಿರ್ದೇಶಕಿಯ ನಿತ್ಯದ ಉಪದೇಶ.

ಅಮೆರಿಕದಲ್ಲಿ 1972ರಲ್ಲಿ ಬಂದ ಕಾನೂನೊಂದು ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗ ತಾರತಮ್ಯವನ್ನು ನಿಷೇಧಿಸಿತು. ಅದರ ಫಲವಾಗಿ ಅಲ್ಲಿನ ಕಾಲೇಜುಗಳಲ್ಲಿ ಮಹಿಳೆಯರ ದೂರದ ಓಟ ದೊಡ್ಡದಾಗಿ ಬೆಳೆಯಿತು. ಜೊತೆಗೇ ಒಂದು ವ್ಯಾಧಿಯೂ ಬೆಳೆಯಿತು. ತೆಳ್ಳಗಿದ್ದಷ್ಟೂ ವೇಗ ಎಂದು ನಂಬಿದ ತರಬೇತುದಾರರು ಹುಡುಗಿಯರನ್ನು ತಕ್ಕಡಿಯ ಮೇಲೆ ನಿಲ್ಲಿಸಿದರು. ಅವರು ಊಟ ಬಿಟ್ಟರು, ಮುಟ್ಟು ನಿಂತಿತು, ಮೂಳೆಗಳು ಬಿರುಕು ಬಿಟ್ಟವು. ಮೇರಿ ಕೇನ್ ಎಂಬ ಪ್ರತಿಭಾವಂತೆ 2019ರಲ್ಲಿ ತನಗಾದುದನ್ನು ಬಹಿರಂಗವಾಗಿ ಹೇಳಿಕೊಂಡಾಗ ಜಗತ್ತು ಬೆಚ್ಚಿತು. ನಮ್ಮ ಹುಡುಗಿಯರು ತೆಳ್ಳಗಾಗಬೇಕೆಂದು ಊಟ ಬಿಟ್ಟವರಲ್ಲ. ಆದರೆ ಮೂಳೆಗೆ ಕಾರಣ ತಿಳಿಯದು. ಓಟಕ್ಕೆ ತಕ್ಕಷ್ಟು ಅನ್ನ ಸಿಗದಿದ್ದರೆ ಆಗುವ ಪರಿಣಾಮ ಅಲ್ಲೂ ಇಲ್ಲೂ ಒಂದೇ. ಮೂರು ತಿಂಗಳಿಂದ ಮುಟ್ಟಾಗಿಲ್ಲ ಎಂದು ಹುಡುಗಿ ಯಾರ ಬಳಿ ಹೇಳಬೇಕು? ಗಂಡಸಾದ ನನ್ನ ಬಳಿಯಂತೂ ಹೇಳಳು. ನಮ್ಮಲ್ಲಿ ನಿರ್ದೇಶಕಿ ಒಂದು ಪುಸ್ತಕ ಇಟ್ಟಿದ್ದಾರೆ. ಅದನ್ನು ನಾನು ತೆರೆಯುವುದಿಲ್ಲ. "ಈ ವಾರ ಇವಳಿಗೆ ವಿಶ್ರಾಂತಿ" ಎಂದಷ್ಟೇ ಅವರು ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಮಹಿಳಾ ತಂಡದ ಹೊಣೆ ಮಹಿಳೆಯ ಕೈಯಲ್ಲಿರಬೇಕು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ವಾದ ನನಗೆ ಗೊತ್ತಿಲ್ಲ.

ಸರ್ಕಾರ ಏನೂ ಮಾಡಿಲ್ಲವೆಂದಲ್ಲ. ಶಾಲಾ ಮಕ್ಕಳಿಗೆ ಮೊಟ್ಟೆ ಕೊಡುವ ಯೋಜನೆ 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲೇ ಮೊದಲು ಆರಂಭವಾಯಿತು. ಆಗ ಎಂಟನೆಯ ತರಗತಿಯವರೆಗೆ ಇದ್ದದ್ದು 2023ರಲ್ಲಿ ಹತ್ತರವರೆಗೆ ವಿಸ್ತರಿಸಿತು. ಮೆಚ್ಚಬೇಕಾದ ಕೆಲಸ. ಆದರೆ ಹತ್ತನೆಯ ತರಗತಿ ಮುಗಿದ ದಿನ ಮೊಟ್ಟೆಯೂ ಮುಗಿಯುತ್ತದೆ. ದೂರದ ಓಟದ ನಿಜವಾದ ದುಡಿಮೆ ಆರಂಭವಾಗುವುದು ಅಲ್ಲಿಂದ ಮುಂದೆ! ಕಾಲೇಜಿನ ಓಟಗಾರ್ತಿಯರಿಗೆ ಅಭ್ಯಾಸದ ನಂತರ ಎರಡು ಮೊಟ್ಟೆ, ಶೇಂಗಾ, ಬೆಲ್ಲ ಕೊಡಲು ಅನುಮತಿ ಕೋರಿ ಕಚೇರಿಯೊಂದಕ್ಕೆ ಬರೆದೆವು. ಕ್ರೀಡಾ ನಿಧಿಯಿಂದ ಸಾಮಗ್ರಿ ಕೊಳ್ಳಬಹುದು, ಆಹಾರ ಪದಾರ್ಥಕ್ಕೆ ಅವಕಾಶವಿಲ್ಲ ಎಂಬ ಉತ್ತರ ಬಂತು. ಗುಂಡು ಎಸೆಯುವ ಹುಡುಗಿ ಇಲ್ಲದಿದ್ದರೂ ಕಬ್ಬಿಣದ ಗುಂಡು ಕೊಳ್ಳಬಹುದು. ಓಡುವವಳ ರಕ್ತಕ್ಕೆ ಕಬ್ಬಿಣ ಕೊಳ್ಳುವಂತಿಲ್ಲ. ಲೆಕ್ಕಪರಿಶೋಧಕರ ಭಾಷೆ ನನಗೆ ಹೊಸದೇನಲ್ಲ, ಆದರೂ ನಗು ಬಂತು. ಈಗ ಊರಿನ ಕೆಲವು ಅಂಗಡಿಯವರು ಸರದಿಯ ಮೇಲೆ ಕೊಡುತ್ತಿದ್ದಾರೆ.

ಲೆಕ್ಕ ಹಾಕಿ ನೋಡೋಣ. ಒಬ್ಬಳಿಗೆ ದಿನಕ್ಕೆ 25 ರೂಪಾಯಿ, ವರ್ಷಕ್ಕೆ 200 ದಿನ: 5,000 ರೂಪಾಯಿ. ಸಿಂಥೆಟಿಕ್ ಟ್ರ್ಯಾಕಿಗೆ ಹಲವು ಕೋಟಿ ಬೇಕು, ಜಿಲ್ಲೆಗಳೆಲ್ಲ ಅದನ್ನೇ ಕೇಳುತ್ತವೆ. ಅದರಲ್ಲಿ ಒಂದೇ ಒಂದು ಕೋಟಿಯನ್ನು ಶೇ 6ರ ಬಡ್ಡಿಗೆ ಇಟ್ಟರೆ ವರ್ಷಕ್ಕೆ ಆರು ಲಕ್ಷ, ಅಂದರೆ 120 ಹುಡುಗಿಯರ ಆಹಾರ. ಅಸಲು ಹಾಗೇ ಇರುತ್ತದೆ. ಕ್ರಾಸ್‌ಕಂಟ್ರಿಗೆ ಟ್ರ್ಯಾಕು ಬೇಕಿಲ್ಲ ಎಂಬುದನ್ನೂ ನೆನಪಿಡಬೇಕು. ಆದರೆ ಮೊಟ್ಟೆಗೆ ಉದ್ಘಾಟನೆಯ ಫಲಕ ಹಾಕಲಾಗದು.

ಮೂಡುಬಿದಿರೆಯ ಉದಾಹರಣೆ ಕೊಡುವವರಿದ್ದಾರೆ. ಸರಿಯಾದ ಉದಾಹರಣೆಯೇ. ಆಳ್ವಾಸ್ ಶಿಕ್ಷಣ ಪ್ರತಿಷ್ಠಾನ ಕ್ರೀಡಾಪಟುಗಳನ್ನು ದತ್ತು ಪಡೆದು ಓದು, ವಸತಿ, ಊಟ ಕೊಡುತ್ತ ಬಂದಿದೆ. 2020ರ ಜನವರಿಯಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್ ನಡೆದದ್ದೂ ಅಲ್ಲಿಯೇ. ಜನ ಅಲ್ಲಿನ ಟ್ರ್ಯಾಕನ್ನು ನೋಡಿ ಬರುತ್ತಾರೆ. ನನ್ನ ಕಣ್ಣಿಗೆ ಮುಖ್ಯವಾದದ್ದು ಊಟದ ಮನೆ. ನಮ್ಮ ಕಡೆಯ ಪ್ರತಿಭಾವಂತೆ ಸುಮಾರು ನಾನೂರು ಕಿಲೋಮೀಟರ್ ದೂರದ ಕರಾವಳಿಗೆ ಹೋಗಿ ಬೆಳೆದರೆ ಸಂತೋಷ. ಆದರೆ ಹೋಗುವವಳು ಮೊದಲನೆಯವಳು. ನಾಲ್ಕನೆಯವಳು ಇಲ್ಲೇ ಉಳಿಯುತ್ತಾಳೆ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 114 ಹಿಂದುಳಿದ ತಾಲ್ಲೂಕುಗಳ ಪಟ್ಟಿಯನ್ನು ನಾವು ರಸ್ತೆ, ಆಸ್ಪತ್ರೆ, ಶಾಲೆಗಳಿಗೆ ಅನ್ವಯಿಸಿ ಓದಿದೆವು. ಕ್ರೀಡೆಗೆ ಅನ್ವಯಿಸಿ ಓದಿದವರು ಕಡಿಮೆ.

ಬರದ ಸೀಮೆಯಲ್ಲಿ ಓಟಗಾರ್ತಿಯರು ಬೆಳೆಯಲಾರರೆಂಬ ಮಾತು ಮಾತ್ರ ಸುಳ್ಳು. ನಾಸಿಕ್ ಜಿಲ್ಲೆಯ ಸಾವರಪಾಡಾ ಎಂಬ ಆದಿವಾಸಿ ಹಳ್ಳಿಯ ಕವಿತಾ ರಾವುತ್ 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 10,000 ಮೀಟರ್ ಓಟದ ಕಂಚು ಗೆದ್ದರು. ಅವರ ಹಿಂದೆ ವರ್ಷಗಟ್ಟಲೆ ನಾಸಿಕ್‌ನಲ್ಲೇ ನೆಲೆನಿಂತ ವಿಜೇಂದರ್ ಸಿಂಗ್ ಎಂಬ ತರಬೇತುದಾರರಿದ್ದರು. ಸಾತಾರಾ ಜಿಲ್ಲೆಯ ಮಾಣ್ ತಾಲ್ಲೂಕು ನಮ್ಮ ಲಿಂಗಸುಗೂರಿನಷ್ಟೇ ಮಳೆಗೆ ಬಾಯಿ ಬಿಡುವ ನೆಲ. ಅಲ್ಲಿನ ಲಲಿತಾ ಬಾಬರ್ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಸ್ಟೀಪಲ್‌ಚೇಸ್ ಫೈನಲ್ ತಲುಪಿ ಹತ್ತನೆಯವರಾದರು. ಪಿ.ಟಿ. ಉಷಾ 1984ರಲ್ಲಿ ಮಾಡಿದ್ದನ್ನು ಆಮೇಲೆ ಟ್ರ್ಯಾಕಿನಲ್ಲಿ ಮಾಡಿದ ಮೊದಲ ಭಾರತೀಯ ಮಹಿಳೆ ಅವರೇ. ಮುಂದೆ ಅವರು ಮಹಾರಾಷ್ಟ್ರದ ಕಂದಾಯ ಆಡಳಿತ ಸೇರಿದರು. ನಮ್ಮ ಹುಡುಗಿಯರಿಗೆ ಒಲಿಂಪಿಕ್ಸಿಗಿಂತ ಆ ಕೊನೆಯ ಸಂಗತಿಯೇ ಹೆಚ್ಚು ಹಿಡಿಸಿತು.

ದೂರದ ಓಟಗಾರ್ತಿ ಪಕ್ವವಾಗಲು ಆರೇಳು ವರ್ಷ ಬೇಕು, ಪದವಿ ಮೂರೇ ವರ್ಷದ್ದು. ಅದರ ನಡುವೆ ಎರಡನೆಯ ವರ್ಷಕ್ಕೇ ಸಂಬಂಧ ಕುದುರುವುದುಂಟು. ಕಳೆದ ವರ್ಷದ ತಂಡದಿಂದ ಹಾಗೆ ಹೋದವಳೊಬ್ಬಳ ಗಂಡನ ಊರು ಇಲ್ಲಿಂದ ದೂರವಿಲ್ಲ. ಅವಳು ಓಡುವುದನ್ನು ಬಿಟ್ಟಿದ್ದಾಳೆ, ಆದರೆ ಈ ಬಾರಿ ತನ್ನ ನಾದಿನಿಯನ್ನು ಕಾಲೇಜಿಗೆ ಸೇರಿಸಿ ನಿರ್ದೇಶಕಿಯ ಬಳಿ ತಾನೇ ಕರೆತಂದು ಬಿಟ್ಟುಹೋದಳು. ಸದ್ಯ ಆ ಹುಡುಗಿ ಮೂರು ಕಿಲೋಮೀಟರಿಗೆ ದಣಿಯುತ್ತಾಳೆ. ಹಿಮೋಗ್ಲೋಬಿನ್ ಪರೀಕ್ಷೆಗೆ ಬರುವ ಸೋಮವಾರ ಕರೆದೊಯ್ಯಬೇಕು. ಹತ್ತಿ ಬಿಡಿಸುವುದು ಮುಗಿಯುವ ತನಕ ವಾರಕ್ಕೆ ಮೂರು ದಿನ ಮಾತ್ರ ಬರುತ್ತೇನೆ ಎಂದು ಈಗಲೇ ಹೇಳಿಟ್ಟಿದ್ದಾಳೆ.